ಧಾರವಾಡದ ಹೊಸ ಪಾಲಿಕೆಯ ಆಯವ್ಯಯದಲ್ಲಿ ಸಂಗೀತಕ್ಕೂ ಶಾಲೆಗೂ ಪಾಲಿರಲಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ-ಧಾರವಾಡ ಜಂಟಿ ಪಾಲಿಕೆಯಿಂದ ಬೇರ್ಪಡಿಸಿ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ರಚಿಸಲು ರಾಜ್ಯ ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿಗೆ ನೀಡಿದಾಗಿನಿಂದ ಊರಿನ ಚರ್ಚೆಯೆಲ್ಲ ರಸ್ತೆ, ಒಳಚರಂಡಿ, ಕುಡಿಯುವ ನೀರು ಮತ್ತು ತೆರಿಗೆ ಹಂಚಿಕೆಯ ಸುತ್ತಲೇ ನಡೆದಿದೆ. ಇವು ಮೊದಲು ಆಗಬೇಕಾದ ಕೆಲಸಗಳು ಎಂಬುದನ್ನು, ನಳದ ನೀರಿಗಾಗಿ ದಿನಗಟ್ಟಲೆ ಕಾದು ರೂಢಿಯಾದ ನಮ್ಮ ಬಡಾವಣೆಗಳ ಜನರಿಗೆ ಯಾರೂ ತಿಳಿಸಿ ಹೇಳಬೇಕಾಗಿಲ್ಲ. ಆದರೆ ಇಷ್ಟೆಲ್ಲ ಕೊರತೆಗಳ ನಡುವೆಯೂ ಜನ ಈ ಊರನ್ನು ಹುಡುಕಿಕೊಂಡು ಬಂದು ನೆಲೆ ನಿಂತದ್ದೇಕೆ ಎಂಬ ಪ್ರಶ್ನೆ ಚರ್ಚೆಗೇ ಬಂದಿಲ್ಲ. ಸುತ್ತಲಿನ ಜಿಲ್ಲೆಗಳ ಎಷ್ಟೋ ಕುಟುಂಬಗಳು ಮಕ್ಕಳ ಓದಿಗಾಗಿ ಇಲ್ಲಿ ಬಾಡಿಗೆ ಮನೆ ಹಿಡಿದು, ಓದು ಮುಗಿದ ಮೇಲೂ ಊರು ಬಿಡಲು ಮನಸ್ಸಾಗದೆ ಸಣ್ಣದೊಂದು ಮನೆ ಕಟ್ಟಿಕೊಂಡು ಉಳಿದಿವೆ. ಅವರನ್ನು ಹಿಡಿದು ನಿಲ್ಲಿಸಿದ್ದು ಇಲ್ಲಿನ ಶಾಲೆ, ಸಂಗೀತ ಮತ್ತು ಸಂಜೆಯ ಸಭೆಗಳು.

ಇದೆಲ್ಲ ತಾನಾಗಿಯೇ ಆದದ್ದಲ್ಲ. ರಾ. ಹ. ದೇಶಪಾಂಡೆಯವರ ಮುಂದಾಳತ್ವದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಮುಂದೆ ವಿಶ್ವವಿದ್ಯಾಲಯ ಬಂತು. 1950ರ ಜನವರಿಯಲ್ಲಿ ಆರಂಭವಾದ ಆಕಾಶವಾಣಿ ಕೇಂದ್ರದ ಪಾತ್ರವನ್ನಂತೂ ನಾವು ಸಾಕಷ್ಟು ನೆನೆಯುವುದಿಲ್ಲ. ಹಾಡುವವರಿಗೆ, ಬಾರಿಸುವವರಿಗೆ, ನಾಟಕ ಬರೆಯುವವರಿಗೆ ತಿಂಗಳ ಸಂಬಳವನ್ನೋ ಸಂಭಾವನೆಯನ್ನೋ ಕೊಟ್ಟ ಆ ಕೇಂದ್ರ, ಕಲಾವಿದನೊಬ್ಬ ಮುಂಬಯಿಗೆ ಹೋಗದೆ ಇಲ್ಲಿಯೇ ಸಂಸಾರ ನಡೆಸಬಹುದು ಎಂಬ ಧೈರ್ಯ ತಂದಿತು. ಪಂಡಿತ ಮಲ್ಲಿಕಾರ್ಜುನ ಮನ್ಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಬೇಂದ್ರೆಯವರೂ ಅದರೊಂದಿಗೆ ಸಲಹೆಗಾರರಾಗಿ ಕೆಲಸ ಮಾಡಿದರು. ಹೊರಗಿನಿಂದ ಬಂದು ಧಾರವಾಡದವರೇ ಆದ ಸಿತಾರರತ್ನ ರಹಿಮತ್ ಖಾನರ ಮನೆತನದ ತಲೆಮಾರುಗಳು ಇಲ್ಲಿನ ಮಕ್ಕಳಿಗೆ ಸಿತಾರ ಕಲಿಸಿದವು. ದೊಡ್ಡ ಕಲಾವಿದ ನೆರೆಮನೆಯವನಾಗಿದ್ದು, ಬೆಳಗಿನ ಅವನ ರಿಯಾಜು ಓಣಿಯ ಮಕ್ಕಳ ಕಿವಿಗೆ ಬೀಳುತ್ತಿತ್ತು. ಆ ಭಾಗ್ಯವನ್ನು ಯಾವ ಸ್ಮಾರಕ ಭವನವೂ ತಂದುಕೊಡಲಾರದು.

ಇದನ್ನು ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ಜಿಲ್ಲೆಯದೇ ಇದೆ. ಸವಾಯಿ ಗಂಧರ್ವರು ಕುಂದಗೋಳದವರು. ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಗುರುಗಳು. ಅವರ ಹೆಸರಿನಲ್ಲಿ ಜೋಶಿಯವರು 1953ರಲ್ಲಿ ಆರಂಭಿಸಿದ ಉತ್ಸವ ನಡೆಯುವುದು ಪುಣೆಯಲ್ಲಿ. ಇಂದು ಪುಣೆ ಆ ಉತ್ಸವದಿಂದ ದೇಶದಾದ್ಯಂತ ರಸಿಕರನ್ನು ಸೆಳೆಯುತ್ತದೆ. ಪುಣೆಯವರ ಬಗ್ಗೆ ನನಗೆ ಅಸೂಯೆಯಿಲ್ಲ, ಅವರು ಶ್ರದ್ಧೆಯಿಂದ ಉಳಿಸಿಕೊಂಡರು. ಕುಂದಗೋಳದ ನಾಡಿಗೇರ ಮನೆತನದವರೂ ತಮ್ಮ ವಾಡೆಯಲ್ಲಿ ಅಷ್ಟೇ ಶ್ರದ್ಧೆಯಿಂದ ಗುರುಸ್ಮರಣೆಯ ಸಂಗೀತೋತ್ಸವವನ್ನು ನಡೆಸಿಕೊಂಡು ಬಂದಿದ್ದಾರೆ. ಆದರೆ ಜಿಲ್ಲಾ ಕೇಂದ್ರವಾದ ಧಾರವಾಡ ಆ ಉತ್ಸವವನ್ನು ತನ್ನದೆಂದು ಕೈಹಿಡಿದು, ಹೊರಗಿನ ರಸಿಕರಿಗೆ ವಸತಿ, ವಾಹನದ ವ್ಯವಸ್ಥೆ ಮಾಡಿ ಬೆಳೆಸುವ ಉತ್ಸಾಹ ತೋರಲಿಲ್ಲ ಎಂಬುದು ನನ್ನ ಕೊರಗು.

ಹೊಸ ಪಾಲಿಕೆ ಮಾಡಬಹುದಾದ ಕೆಲಸಗಳು ದುಬಾರಿಯವೇನಲ್ಲ. ಸಂಗೀತ ಶಿಕ್ಷಕರಿರುವ ಸರ್ಕಾರಿ ಶಾಲೆ ಈ ಊರಿನಲ್ಲಿಯೇ ಅಪರೂಪವಾಗಿದೆ, ಅದೇ ಹೊತ್ತಿಗೆ ವಿಶ್ವವಿದ್ಯಾಲಯದ ಸಂಗೀತ ಕಾಲೇಜಿನಿಂದ ಪದವಿ ಪಡೆದವರು ಕೆಲಸಕ್ಕಾಗಿ ಅಲೆಯುತ್ತಿದ್ದಾರೆ. ವಾರಕ್ಕೆ ಎರಡು ದಿನ ಅವರು ಸರ್ಕಾರಿ ಶಾಲೆಗಳಿಗೆ ಹೋಗಿ ಕಲಿಸುವಂತೆ ಪಾಲಿಕೆ ಶಿಕ್ಷಣ ಇಲಾಖೆಯೊಂದಿಗೆ ಮಾತಾಡಿಕೊಂಡು ಗೌರವಧನ ನೀಡಿದರೆ, ಖಾಸಗಿ ತರಗತಿಯ ಶುಲ್ಕ ಕಟ್ಟಲಾಗದ ಮನೆಯ ಮಗುವೂ ತಾನ್‌ಪುರದ ಮುಂದೆ ಕೂರಬಹುದು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಕೆಲಸ. ಕೇಳುಗರನ್ನು ಬೆಳೆಸದೆ ಕಟ್ಟಿದ ರಂಗಮಂದಿರ ಖಾಲಿ ಕುರ್ಚಿಗಳ ಗೋದಾಮಾಗುತ್ತದೆ.

ಸಭಾಭವನಗಳ ಮಾತೂ ಇದೆ. ಹವ್ಯಾಸಿ ನಾಟಕ ತಂಡವೊಂದು ಒಂದು ಪ್ರದರ್ಶನಕ್ಕೆ ಬಾಡಿಗೆ, ಬೆಳಕು, ಧ್ವನಿ ಎಂದು ಖರ್ಚು ಮಾಡಿ ಟಿಕೆಟ್ಟಿನಿಂದ ಅದನ್ನು ಮರಳಿ ಪಡೆಯುವುದು ಕಷ್ಟ. ಪಾಲಿಕೆಯ ಅಧೀನದಲ್ಲಿರುವ ಭವನಗಳನ್ನಾದರೂ ಸ್ಥಳೀಯ ತಂಡಗಳಿಗೂ ಶಾಲೆಗಳಿಗೂ ನಿರ್ವಹಣಾ ವೆಚ್ಚದಷ್ಟೇ ಬಾಡಿಗೆಗೆ ಕೊಡಬೇಕು. ದಾನಿಗಳು ಇಟ್ಟ ಠೇವಣಿಯ ಬಡ್ಡಿಯಿಂದಲೇ ವಿದ್ಯಾವರ್ಧಕ ಸಂಘ ವರ್ಷವಿಡೀ ದತ್ತಿ ಉಪನ್ಯಾಸಗಳನ್ನು ಉಚಿತವಾಗಿ ನಡೆಸುತ್ತಿದೆ. ಅದೇ ಮಾದರಿಯ ನಿಧಿಯೊಂದನ್ನು ಪಾಲಿಕೆಯೂ ಸ್ಥಾಪಿಸಿ ನಾಗರಿಕರ ದೇಣಿಗೆಯನ್ನು ಆಹ್ವಾನಿಸಬಹುದು.

ರಾತ್ರಿ ಸಂಗೀತ ಸಭೆ ಮುಗಿದ ಮೇಲೆ ನವನಗರಕ್ಕೋ ಹುಬ್ಬಳ್ಳಿಗೋ ಮರಳುವ ಹಿರಿಯರು ಕೊನೆಯ ರಾಗ ಕೇಳದೆ ಎದ್ದು ಹೋಗುವುದನ್ನು ನೋಡುತ್ತಲೇ ಇದ್ದೇವೆ. ದೊಡ್ಡ ಕಾರ್ಯಕ್ರಮಗಳಿರುವ ದಿನ ಹುಬ್ಬಳ್ಳಿ-ಧಾರವಾಡ ನಡುವಿನ ತ್ವರಿತ ಸಾರಿಗೆಯ ಚಿಗರಿ ಬಸ್ಸುಗಳನ್ನು ತಡರಾತ್ರಿಯವರೆಗೆ ಓಡಿಸಬೇಕು. ಚಿಕ್ಕಮಲ್ಲಿಗವಾಡದ ಐಐಟಿ ಆವರಣಕ್ಕೂ ಒಂದು ಬಸ್ಸು ಹೋಗಿ ಬರಬೇಕು. ದೇಶದ ನಾನಾ ಕಡೆಗಳಿಂದ ಬಂದ ಆ ವಿದ್ಯಾರ್ಥಿಗಳು ಧಾರವಾಡವನ್ನು ನೋಡದೆಯೇ ಪದವಿ ಮುಗಿಸಿ ಹೋಗುವಂತಾಗಬಾರದು.

ಹೊಸ ಪಾಲಿಕೆ ತನ್ನ ಮೊದಲ ಆಯವ್ಯಯದಲ್ಲಿಯೇ ಕಲೆ ಮತ್ತು ಶಾಲಾ ಸಂಗೀತಕ್ಕೆಂದು ಪ್ರತ್ಯೇಕ ಲೆಕ್ಕ ಶೀರ್ಷಿಕೆ ತೆರೆದು, ಅದರ ಬಳಕೆಯನ್ನು ಶಿಕ್ಷಕರು, ಕಲಾವಿದರು ಇರುವ ಸಮಿತಿಯೊಂದಕ್ಕೆ ಒಪ್ಪಿಸಬೇಕೆಂದು ಜಿಲ್ಲಾಡಳಿತವನ್ನೂ ಜನಪ್ರತಿನಿಧಿಗಳನ್ನೂ ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಧಾರವಾಡ