ಮಗಳಿಗೊಂದು ಪತ್ರ: ಮೈಕಿನ ಮುಂದೆ ಮೊದಲ ಅರ್ಧ ನಿಮಿಷ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಭಾಷಣ ಎರಡು ಸಲ ಓದಿದೆ. ಕೈ ತೊಳೆಯುವುದರ ಬಗ್ಗೆ ಇಷ್ಟೊಂದು ವಿಷಯ ಕಲೆಹಾಕಿದ್ದೀಯಲ್ಲ, ತುಂಬಾ ಖುಷಿಯಾಯಿತು. ಆದರೆ ಶುರುವಿನ ಭಾಗ ಮಾತ್ರ ನನ್ನ ಮನಸ್ಸಿಗೆ ಬರಲಿಲ್ಲ. ಮೊದಲು ಗಣ್ಯರ ಹೆಸರುಗಳು, ಆಮೇಲೆ ಅವಕಾಶ ಕೊಟ್ಟವರಿಗೆ ಕೃತಜ್ಞತೆ, ಆಮೇಲೆ ‘ಆರೋಗ್ಯವೇ ಭಾಗ್ಯ’, ಅದರ ಹಿಂದೆಯೇ ‘ನನಗೆ ತಿಳಿದ ನಾಲ್ಕು ಮಾತು ಹೇಳುತ್ತೇನೆ, ತಪ್ಪಿದ್ದರೆ ಕ್ಷಮಿಸಿ’. ಇಷ್ಟು ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನವರು ಮೊಬೈಲ್ ಕೈಗೆತ್ತಿಕೊಂಡಿರುತ್ತಾರೆ. ಅವರನ್ನು ದೂರಿ ಫಲವಿಲ್ಲ, ನೀನಿನ್ನೂ ಅವರ ಜೊತೆ ಮಾತೇ ಶುರುಮಾಡಿಲ್ಲವಲ್ಲ.

ಕೂತವರ ಮನಸ್ಸಿನಲ್ಲಿ ಆಗ ಇರುವುದು ಒಂದೇ ಪ್ರಶ್ನೆ: ಇವಳ ಮಾತು ನಾನ್ಯಾಕೆ ಕೇಳಬೇಕು? ಮೊದಲ ಅರ್ಧ ನಿಮಿಷ ಅದಕ್ಕೇ ಮೀಸಲು.

ಮೂರನೇ ಪುಟದ ಕೊನೆಗೆ ಸುಮ್ಮನೆ ಸೇರಿಸಿದ ಹಾಗೆ ವಿಯೆನ್ನಾದ ಸಂಗತಿ ಬರೆದಿದ್ದೀಯಲ್ಲ, ಅದನ್ನು ಎತ್ತಿ ಎಲ್ಲಕ್ಕಿಂತ ಮೊದಲು ಇಡು. ಹೀಗೆ ಹೇಳಿ ನೋಡು: “1840ರ ದಶಕ. ವಿಯೆನ್ನಾದ ಒಂದು ದೊಡ್ಡ ಆಸ್ಪತ್ರೆ. ಅಲ್ಲಿ ಎರಡು ಹೆರಿಗೆ ವಿಭಾಗ. ಒಂದರಲ್ಲಿ ಹೆರಿಗೆ ಮಾಡಿಸುವವರು ವೈದ್ಯರು, ಇನ್ನೊಂದರಲ್ಲಿ ಸೂಲಗಿತ್ತಿಯರು. ಬಾಣಂತಿಯರು ಹೆಚ್ಚು ಸಾಯುತ್ತಿದ್ದದ್ದು ವೈದ್ಯರ ವಿಭಾಗದಲ್ಲಿ. ಯಾಕೆ?”

ಅಲ್ಲಿ ನಿಲ್ಲಿಸು. ಗಾಬರಿಯಿಂದ ಉತ್ತರಕ್ಕೆ ಓಡಬೇಡ, ಮನಸ್ಸಿನಲ್ಲೇ ಮೂರರವರೆಗೆ ಎಣಿಸು. ಆ ಮೌನದಲ್ಲಿ ಪ್ರತಿಯೊಬ್ಬರೂ ತಮ್ಮದೊಂದು ಉತ್ತರ ಹುಡುಕುತ್ತಿರುತ್ತಾರೆ. ಹುಡುಕಿದವರಿಗೆ ಸರಿಯುತ್ತರ ಕೇಳದೆ ಇರಲಾಗುವುದಿಲ್ಲ. ಆಮೇಲೆ ಹೇಳು: ವೈದ್ಯರು ಶವಪರೀಕ್ಷೆ ಮುಗಿಸಿ ಅದೇ ಕೈಯಲ್ಲಿ ಹೆರಿಗೆಗೆ ಬರುತ್ತಿದ್ದರು, 1847ರಲ್ಲಿ ಅದೇ ಆಸ್ಪತ್ರೆಯ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಆ ವೈದ್ಯರೆಲ್ಲರಿಂದ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಸಿದ ಮೇಲೆ ಸಾವುಗಳು ಗಣನೀಯವಾಗಿ ಇಳಿದವು. ಇಲ್ಲಿಂದ ನಿನ್ನ ವಿಷಯಕ್ಕೆ ದಾರಿ ತಾನಾಗಿಯೇ ತೆರೆಯುತ್ತದೆ. ಶುರುವಿನ ಕಥೆಗೆ ಈ ಗುಣ ಇರಲೇಬೇಕು. ವಿಷಯಕ್ಕೆ ಸಂಬಂಧವಿಲ್ಲದ ನಗೆಹನಿ ಹೇಳಿದರೆ ಜನ ನಗುತ್ತಾರೆ ನಿಜ, ಆದರೆ ಆಮೇಲೆ ಅವರನ್ನು ವಿಷಯಕ್ಕೆ ಎಳೆದು ತರಬೇಕಾಗುತ್ತದೆ.

ಪೀಠಿಕೆ ಕೊನೆಗೆ ಬರೆಯಬೇಕು. ಪ್ರಾಚೀನ ರೋಮ್‌ನ ಹೆಸರಾಂತ ಭಾಷಣಕಾರ ಸಿಸೆರೋ ಕೂಡ ಇದನ್ನೇ ಹೇಳಿದ್ದಾನೆ. ಇಡೀ ಭಾಷಣ ಕಣ್ಣಮುಂದೆ ಇದ್ದರೆ ತಾನೇ ಅದರಲ್ಲಿ ಯಾವುದು ಜನರನ್ನು ಹಿಡಿದು ಕೂರಿಸುತ್ತದೆ ಎಂದು ತಿಳಿಯುವುದು?

ಗಣ್ಯರ ಹೆಸರು ಬಿಡುವಂತಿಲ್ಲ ಅಂದರೆ ಒಂದೇ ವಾಕ್ಯದಲ್ಲಿ ಮುಗಿಸು. ಸಂಬೋಧನೆಯಲ್ಲೂ ಜೀವ ಇರಬಹುದು, ಅದು ಕೂತವರಿಗೆ ಮುಟ್ಟಬೇಕು ಅಷ್ಟೇ. 1893ರ ಸೆಪ್ಟೆಂಬರ್ 11ರಂದು ಶಿಕಾಗೋದಲ್ಲಿ ವಿವೇಕಾನಂದರು ‘ಅಮೆರಿಕದ ಸೋದರಿಯರೇ, ಸೋದರರೇ’ ಅಂದಾಗ ಸಭೆ ಚಪ್ಪಾಳೆಯಲ್ಲಿ ಮುಳುಗಿದ್ದು ನಿನಗೆ ಗೊತ್ತು. ಅದೇ ದಿನ ಬೆಳಗ್ಗೆ ಅವರಿಗೆ ಎದೆ ಹೊಡೆದುಕೊಳ್ಳುತ್ತಿತ್ತು, ನಾಲಿಗೆ ಒಣಗಿತ್ತು, ಮಾತಾಡುವ ಧೈರ್ಯ ಸಾಲದೆ ಮಧ್ಯಾಹ್ನದವರೆಗೆ ತಳ್ಳಿದರು. ಶಿಷ್ಯ ಅಳಸಿಂಗ ಪೆರುಮಾಳರಿಗೆ ಅವರೇ ಪತ್ರದಲ್ಲಿ ಇದನ್ನು ಬರೆದಿದ್ದಾರೆ. ನಿನ್ನ ಕೈ ನಡುಗಿದರೆ ಅದನ್ನು ನೆನಪಿಸಿಕೋ ಮಗಳೇ. ನಡುಕ ಸಭೆಗೆ ಕಾಣುವುದು ನಿನಗೆ ಅನಿಸುವುದಕ್ಕಿಂತ ಎಷ್ಟೋ ಕಡಿಮೆ.

ಮೈಕಿನ ಹತ್ತಿರ ಹೋದ ಕೂಡಲೇ ಮಾತು ಶುರುಮಾಡಬೇಡ. ಎರಡೂ ಪಾದ ಊರಿ ನಿಲ್ಲು, ಒಂದು ಉಸಿರು ತಗೋ, ಹಿಂದಿನ ಸಾಲಿನ ಒಂದು ಮುಖ ನೋಡು. ಮೊದಲ ನಾಲ್ಕು ವಾಕ್ಯ ಬಾಯಿಪಾಠ ಇರಲಿ, ಚೀಟಿ ನೋಡಬೇಡ. ಉಳಿದದ್ದಕ್ಕೆ ಚೀಟಿ ನೋಡಿದರೂ ಪರವಾಗಿಲ್ಲ.

ಹೊಸ ಪೀಠಿಕೆ ಜೋರಾಗಿ ಓದಿ ರೆಕಾರ್ಡ್ ಮಾಡಿ ಕಳಿಸು. ಸೆಮ್ಮೆಲ್‌ವೈಸ್ ಹೆಸರನ್ನು ಮಾತ್ರ ಅದಕ್ಕೂ ಮೊದಲು ನಾಲಿಗೆಗೆ ಚೆನ್ನಾಗಿ ಪಳಗಿಸಿಕೋ, ಅಲ್ಲಿ ತೊದಲುವ ಸಾಧ್ಯತೆ ಹೆಚ್ಚು.

ನಿನ್ನ,
ಅಮ್ಮ