ಪೆನ್‌ಡ್ರೈವ್‌ಗೆ ಹಾಡು ತುಂಬಿಸಿಕೊಡುವುದನ್ನು ನಿಲ್ಲಿಸುತ್ತಿದ್ದೇವೆ: ಗ್ರಾಹಕರಿಗೆ ಪತ್ರ

ನಮ್ಮ ಗ್ರಾಹಕರಿಗೆಲ್ಲ ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ಹಾಸನದ ನಮ್ಮ ಅಂಗಡಿಯಲ್ಲಿ ಪೆನ್‌ಡ್ರೈವ್‌ಗೆ ಹಾಡು ತುಂಬಿಸಿಕೊಡುವುದಿಲ್ಲ. ಬ್ರ್ಯಾಂಡ್ ಇಲ್ಲದ ಪೆನ್‌ಡ್ರೈವ್ ಮಾರಾಟವೂ ಅಂದಿನಿಂದಲೇ ಬಂದ್. ನೀವು ತಂದ ಹಾಡುಗಳನ್ನು ನಿಮ್ಮ ಗಾಡಿಯ ಮ್ಯೂಸಿಕ್ ಸೆಟ್ಟಿಗೆ ಹೊಂದುವಂತೆ ಜೋಡಿಸಿಕೊಡುವ ಕೆಲಸ ಮಾತ್ರ ಇರುತ್ತದೆ, ಅದಕ್ಕೆ 100 ರೂಪಾಯಿ. ಸೆಟ್ ನಮ್ಮಲ್ಲೇ ಹಾಕಿಸಿಕೊಂಡವರು ಅದನ್ನೂ ಕೊಡಬೇಕಾಗಿಲ್ಲ.

ಹಾಡು ತುಂಬಿಸುವುದನ್ನು ಬಿಡಲು ಕಾರಣ ಕಾನೂನು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 63ನೇ ಕಲಮಿನಲ್ಲಿ, ಹಕ್ಕುದಾರರ ಅನುಮತಿಯಿಲ್ಲದೆ ಹೀಗೆ ಹಾಡು ಕಾಪಿ ಮಾಡಿ ಕೊಡುವುದಕ್ಕೆ 6 ತಿಂಗಳಿಂದ 3 ವರ್ಷದವರೆಗೆ ಸಜೆ, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ. "ಇಷ್ಟು ದಿನ ಮಾಡಿಕೊಡ್ತಿದ್ರಲ್ಲ" ಎಂದು ಕೇಳುತ್ತೀರಿ. ಹೌದು, ಮಾಡಿದ್ದು ತಪ್ಪು. ಆ ಮಾತನ್ನು ಅಲ್ಲಿಗೇ ಬಿಡೋಣ.

"ಒಂದು ಪೆನ್‌ಡ್ರೈವ್‌ಗೆ ಇಷ್ಟು ದುಡ್ಡಾ, ಬಸ್‌ಸ್ಟ್ಯಾಂಡ್ ಹತ್ತಿರ ಅರ್ಧ ರೇಟಿಗೆ ಸಿಗುತ್ತೆ" ಎನ್ನುವವರಿಗೆ ನಮ್ಮ ಲೆಕ್ಕವನ್ನೂ ಹೇಳಿಬಿಡುತ್ತೇವೆ. ಅರ್ಧ ರೇಟಿನ 64 ಜಿಬಿ ಪೆನ್‌ಡ್ರೈವ್‌ನೊಳಗೆ ಎಷ್ಟೋ ಸಲ ಇರುವುದು 8 ಜಿಬಿ ಚಿಪ್. ಕಂಪ್ಯೂಟರಿನಲ್ಲಿ 64 ಎಂದೇ ತೋರಿಸುತ್ತದೆ. ಹಾಡು ಹಾಕಿದರೆ ಹೆಸರುಗಳೂ ಕಾಣುತ್ತವೆ. ಆದರೆ 8 ದಾಟಿದ ಮೇಲೆ ಹಾಕಿದ್ದೆಲ್ಲ ಹಳೆಯದರ ಮೇಲೇ ಬರೆದುಕೊಳ್ಳುತ್ತದೆ, ಇಲ್ಲವೇ ಎಲ್ಲೂ ಉಳಿಯುವುದಿಲ್ಲ. ಗಾಡಿಯಲ್ಲಿ ಹಾಕಿದಾಗ ಹಾಡು ಕಟಕಟ ಎನ್ನುತ್ತದೆ, ಬೈಗುಳ ಸೆಟ್ಟಿಗೆ ಬೀಳುತ್ತದೆ. ಇದನ್ನು ಪತ್ತೆಹಚ್ಚಲು ನಂಬುವಂಥ ದಾರಿ: ಪೂರ್ತಿ ತುಂಬಿಸಿ, ಪೂರ್ತಿ ಓದಿಸಿ ನೋಡುವುದು. ಸಾಧಾರಣ 32 ಜಿಬಿ ಪೆನ್‌ಡ್ರೈವ್ ಸೆಕೆಂಡಿಗೆ 6 ಎಂಬಿ ಬರೆದುಕೊಂಡರೆ 28 ಜಿಬಿ ತುಂಬಲು ಹತ್ತಿರ ಹತ್ತಿರ ಒಂದು ಗಂಟೆ ಇಪ್ಪತ್ತು ನಿಮಿಷ ಬೇಕು. ಓದಿಸುವ ಹೊತ್ತು ಬೇರೆ. ನಮ್ಮ ಕೌಂಟರಿನಲ್ಲಿ ಇರುವುದು ಹೀಗೆ ಒಂದೊಂದಾಗಿ ನೋಡಿದ ಮಾಲು. ಆ ಹೊತ್ತಿಗೆ ಪ್ರತ್ಯೇಕ ಬಿಲ್ ಹಾಕಿದ್ದಿಲ್ಲ, ಮುಂದೆಯೂ ಹಾಕುವುದಿಲ್ಲ. ಆದರೆ ಲಾಭಬಡುಕರು ಎನ್ನಿಸಿಕೊಳ್ಳುವುದು ಬೇಜಾರಿನ ಸಂಗತಿ.

ಈಗ ವಾರಕ್ಕೆ ಹತ್ತು ಸಲವಾದರೂ ಕೇಳಿಬರುವ ದೂರಿಗೆ ಬರೋಣ: "ಹಾಡು ಜೋಡಿಸಿದ ಕ್ರಮದಲ್ಲಿ ಬರಲ್ಲ, ನೀವು ಕೊಟ್ಟ ಸೆಟ್ ಸರಿ ಇಲ್ಲ." ಸೆಟ್ ಸರಿಯಾಗಿಯೇ ಇದೆ. ಕಂಪ್ಯೂಟರ್ ಹಾಡುಗಳನ್ನು ಹೆಸರಿನ ಪ್ರಕಾರ ವಿಂಗಡಿಸಿ ತೋರಿಸುತ್ತದೆ. ಗಾಡಿಯ ಬಹಳಷ್ಟು ಸೆಟ್‌ಗಳು ಆ ಗೋಜಿಗೆ ಹೋಗುವುದಿಲ್ಲ. ಪೆನ್‌ಡ್ರೈವ್‌ನ ಪಟ್ಟಿಯಲ್ಲಿ ಯಾವುದು ಮೊದಲು ದಾಖಲಾಗಿದೆಯೋ ಅದನ್ನು ಮೊದಲು ನುಡಿಸುತ್ತವೆ. ನೂರು ಹಾಡು ಆಯ್ಕೆ ಮಾಡಿ ನಡುವಿನ ಒಂದನ್ನು ಹಿಡಿದು ಎಳೆದರೆ ವಿಂಡೋಸ್ ಸಾಮಾನ್ಯವಾಗಿ ಅದನ್ನೇ ಮೊದಲು ಕಾಪಿ ಮಾಡುತ್ತದೆ. ಕ್ರಮ ಕೆಡುವುದು ಅಲ್ಲೇ. ಇನ್ನೊಂದು ಎಡವಟ್ಟು, ಹಳೆಯ ಹಾಡು ಅಳಿಸಿ ಹೊಸದು ಹಾಕುವುದು. ಅಳಿಸಿದ ಹಾಡಿನ ಜಾಗ ಪಟ್ಟಿಯಲ್ಲಿ ಖಾಲಿ ಇರುತ್ತದಲ್ಲ, ಹೊಸದು ಹೋಗಿ ಅಲ್ಲಿ ಕೂರುತ್ತದೆ. ದಾಸರ ಪದಗಳ ನಡುವೆ ಡಿಸ್ಕೊ ಹಾಡು ಬರುವುದು ಹೀಗೆಯೇ.

ಸರಿಮಾಡುವ ಬಗೆ ಹೇಳುತ್ತೇವೆ, ನೂರು ರೂಪಾಯಿ ನಿಮ್ಮಲ್ಲೇ ಇರಲಿ. ಹಾಡುಗಳನ್ನೆಲ್ಲ ಮೊದಲು ಕಂಪ್ಯೂಟರಿಗೆ ತೆಗೆದಿಟ್ಟುಕೊಂಡು ಪೆನ್‌ಡ್ರೈವ್ ಅನ್ನು ಫ್ಯಾಟ್32ಕ್ಕೆ (ಫೈಲುಗಳನ್ನು ಜೋಡಿಸಿಡುವ ಒಂದು ಪದ್ಧತಿ) ಫಾರ್ಮ್ಯಾಟ್ ಮಾಡಿ. ಬೇರೆ ಪದ್ಧತಿಗಳಲ್ಲಿ ಎನ್‌ಟಿಎಫ್‌ಎಸ್ ಆಗಿದ್ದರೆ ಹೆಚ್ಚಿನ ಸೆಟ್‌ಗಳು ಓದುವುದೇ ಇಲ್ಲ, ಎಕ್ಸ್‌ಫ್ಯಾಟ್ ಹಳೆಯ ಸೆಟ್‌ಗಳಿಗೆ ಆಗಿಬರದು. ಹಾಡುಗಳ ಹೆಸರಿನ ಮುಂದೆ 001, 002 ಎಂದು ಮೂರು ಅಂಕಿ ಹಾಕಿ. ಬರೀ 1, 2 ಎಂದಿಟ್ಟರೆ, ಹೆಸರು ನೋಡಿ ನುಡಿಸುವ ಕೆಲವು ಸೆಟ್‌ಗಳಲ್ಲಿ 1 ಆದಮೇಲೆ 10 ಬರುತ್ತದೆ. ಆಮೇಲೆ ಫೋಲ್ಡರುಗಳನ್ನು ಒಂದು ಮುಗಿದ ಮೇಲೆ ಒಂದರಂತೆ ಕಾಪಿ ಮಾಡಿ. ಎಳೆಯುವಾಗ ಹಿಡಿಯಬೇಕಾದ್ದು ಮೊದಲ ಹಾಡನ್ನು. ಈಗಾಗಲೇ ತುಂಬಿರುವ ಪೆನ್‌ಡ್ರೈವ್‌ನಲ್ಲಿ ಬರೀ ಹೆಸರು ಬದಲಿಸಿದರೆ ಕ್ರಮ ಬದಲಾಗುತ್ತದೆ ಎಂದು ನಂಬಬೇಡಿ. ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಕನ್ನಡ ಫಾಂಟ್ ಇಲ್ಲದ ಸೆಟ್ಟಿನಲ್ಲಿ ಬರೀ ಚೌಕಗಳು ಕಾಣುತ್ತವೆ (ನಮಗೂ ಇದು ಇಷ್ಟವಿಲ್ಲ, ಆದರೆ ಸೆಟ್ ಮಾಡುವವರು ನಾವಲ್ಲ).

32 ಜಿಬಿಗಿಂತ ದೊಡ್ಡದು ಬೇಕಾಗಿಲ್ಲ. 320 ಕೆಬಿಪಿಎಸ್‌ನ (ಒಳ್ಳೆಯ ಗುಣಮಟ್ಟದ) ಎಂಪಿ3 ಆದರೆ ಐದು ನಿಮಿಷದ ಹಾಡು 12 ಎಂಬಿ, ಎರಡು ಸಾವಿರಕ್ಕಿಂತ ಹೆಚ್ಚು ಹಾಡು ಹಿಡಿಸುತ್ತದೆ. ಮೊಬೈಲ್ ಆ್ಯಪ್‌ಗಳಲ್ಲಿ 'ಡೌನ್‌ಲೋಡ್' ಒತ್ತಿ ಇಳಿಸಿಕೊಂಡ ಹಾಡನ್ನು ಪೆನ್‌ಡ್ರೈವ್‌ಗೆ ಹಾಕಿ ತರಬೇಡಿ. ಅವಕ್ಕೆ ಬೀಗ ಇರುತ್ತದೆ, ಆ ಆ್ಯಪ್ ಬಿಟ್ಟು ಬೇರೆಲ್ಲೂ ನುಡಿಯುವುದಿಲ್ಲ. ನಿಮ್ಮ ಹಳೆಯ ಸಿ.ಡಿ.ಗಳನ್ನು ಮನೆಯ ಕಂಪ್ಯೂಟರಿನಲ್ಲಿ ಎಂಪಿ3 ಮಾಡಿಕೊಂಡು ತನ್ನಿ, ಮುಂದಿನ ಜೋಡಣೆ ನಮ್ಮದು.

ಒಂದು ದೂರು ಮಾತ್ರ ಪೂರ್ತಿ ನ್ಯಾಯವಾದದ್ದು: ಕೀ ತಿರುಗಿಸಿದಾಗಲೆಲ್ಲ ಮೊದಲ ಹಾಡಿನಿಂದ ಶುರು. ಮೂರು ಗಂಟೆಯ ಯಕ್ಷಗಾನ ಪ್ರಸಂಗ ಹಾಕಿಕೊಂಡು ಮಂಗಳೂರಿಗೆ ಹೊರಟವರು ಸಕಲೇಶಪುರದಲ್ಲಿ ಕಾಫಿ ಕುಡಿದು ಬಂದರೆ ಮತ್ತೆ ಗಣಪತಿ ಸ್ತುತಿಯಿಂದ ಕೇಳಬೇಕು. ಮುಂದೆ ಶಿರಾಡಿ ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಕೈಕೊಟ್ಟರೆ ಗತಿ ಆ ಪೆನ್‌ಡ್ರೈವ್ ಒಂದೇ. ಇದಕ್ಕೆ ವೈರಿಂಗ್ ಕಾರಣವಿರಬಹುದು: ಸೆಟ್ಟಿನ ಹಳದಿ ವೈರಿಗೆ ಬ್ಯಾಟರಿಯಿಂದ ಸದಾ 12 ವೋಲ್ಟ್ ಬರುತ್ತಿರಬೇಕು, ಸೆಟ್ಟಿನ ನೆನಪು ಉಳಿಯುವುದು ಅದರಿಂದಲೇ. ಕೆಂಪು ವೈರಿಗೆ ಕೀ ಹಾಕಿದಾಗ ಮಾತ್ರ ಕರೆಂಟು. ಕೆಲವು ಗಾಡಿಗಳ ಕಪ್ಲರಿನಲ್ಲಿ (ವೈರುಗಳನ್ನು ಸೆಟ್ಟಿಗೆ ಸೇರಿಸುವ ಪ್ಲಗ್) ಇವೆರಡರ ಜಾಗ ಅದಲುಬದಲಾಗಿರುತ್ತದೆ. ಅದನ್ನು ನೋಡಿಕೊಳ್ಳದೆ ಕೂರಿಸಿದ್ದರೆ ತಪ್ಪು ನಮ್ಮದೇ, ಕ್ಷಮಿಸಿ. ಹಾಡಿನ ಜೊತೆಗೆ ಗಡಿಯಾರ, ಸೇವ್ ಮಾಡಿಟ್ಟ ರೇಡಿಯೊ ಸ್ಟೇಷನ್‌ಗಳೂ ಅಳಿಸಿಹೋಗುತ್ತಿದ್ದರೆ ದೋಷ ವೈರಿಂಗಿನದು ಎಂದುಕೊಳ್ಳಿ. ಎಷ್ಟು ವರ್ಷ ಹಿಂದೆ ಹಾಕಿಸಿದ್ದರೂ ಬಿಲ್ ಕೇಳುವುದಿಲ್ಲ, ಪುಕ್ಕಟೆ ಸರಿಮಾಡಿಕೊಡುತ್ತೇವೆ. ಗಡಿಯಾರ ಸರಿಯಿದ್ದು ಹಾಡು ಮಾತ್ರ ಮೊದಲಿನಿಂದ ಬರುತ್ತಿದ್ದರೆ ಪೆನ್‌ಡ್ರೈವ್ ಬದಲಿಸಿ ನೋಡಬೇಕು.

ಬರುವಾಗ ಪೆನ್‌ಡ್ರೈವ್ ಒಂದನ್ನೇ ತರಬೇಡಿ, ಗಾಡಿಯನ್ನೂ ತನ್ನಿ. ಕಂಪ್ಯೂಟರಿನಲ್ಲಿ ಸರಿಯಾಗಿದ್ದದ್ದು ನಿಮ್ಮ ಸೆಟ್ಟಿನಲ್ಲೂ ಸರಿ ಇದೆಯೇ ಎಂದು ನೋಡಿಯೇ ಕಳಿಸಿಕೊಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಅಂಗಡಿಯವರು