ಸತ್ತ ದನದ ಕೊಬ್ಬಿನಿಂದಲೂ ಡೀಸೆಲ್ ಮಾಡಬಹುದು

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಸೀಮೆ ಹಸು ಕರು ಹಾಕುವಾಗ ಸತ್ತುಹೋಯಿತು. ಐದು ಸೂಲು ಹಾಲು ಕೊಟ್ಟ ಹಸು. ಕೆಸರಿನಲ್ಲಿ ಜೆಸಿಬಿ ತೋಟದೊಳಗೆ ಬರಲಿಲ್ಲ. ನಾಲ್ಕು ಜನ ಗುದ್ದಲಿ ಹಿಡಿದೆವು. ಸೊಂಟದ ಆಳಕ್ಕೇ ನೀರು ಜಿನುಗಿತು. ಅಷ್ಟರಲ್ಲೇ ಹೂತೆವು. ಎರಡನೇ ರಾತ್ರಿ ನಾಯಿಗಳು ಮಣ್ಣು ಕೆದರಿ ಹಿಂಗಾಲನ್ನು ಹೊರಗೆ ಎಳೆದಿದ್ದವು. ಅದನ್ನು ನೋಡಿದ ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಹೂಳಲು ಜಾಗವೇ ಇಲ್ಲದವರು ಟ್ರ್ಯಾಕ್ಟರಿಗೆ ಕಟ್ಟಿ ಕೆರೆ ಏರಿಯ ಹಿಂದೆ ಬಿಟ್ಟು ಬರುತ್ತಾರೆ. ಅವರನ್ನು ಬೈದು ಏನು ಪ್ರಯೋಜನ? ಹಿಂದೆ ರಣಹದ್ದುಗಳು ತಿಂದು ಮುಗಿಸುತ್ತಿದ್ದವಂತೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ, ಸತ್ತ ದನ ತಿಂದ ಆ ಹದ್ದುಗಳನ್ನು ಕೊಂದಿತು. 2006ರಲ್ಲಿ ಜಾನುವಾರುಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು, ಆದರೆ ನಮ್ಮ ಕಡೆ ಹದ್ದುಗಳು ವಾಪಸ್ ಬರಲಿಲ್ಲ. ಈಗ ಬರುವುದು ನಾಯಿ ಹಿಂಡು, ಅದರ ಹಿಂದೆ ಚಿರತೆ.

ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಪಾರ್ಕುಗಳಲ್ಲಿ ಮೊಲ ಜಾಸ್ತಿಯಾದಾಗ ಅವನ್ನು ಕೊಂದು, ಮನೆಗಳನ್ನು ಬೆಚ್ಚಗಿಡುವ ಸ್ಥಾವರದಲ್ಲಿ ಉರುವಲು ಮಾಡಿದ್ದು 2009ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಅದು ನಮಗೆ ಆಗದ ಮಾತು. ಕೊಲ್ಲಿ ಎಂದು ನಾನು ಹೇಳುತ್ತಿಲ್ಲ. ತಾನಾಗಿ ಸತ್ತದ್ದನ್ನು ಕೊಳೆಯಲು ಬಿಡುವುದು ಯಾಕೆ ಅನ್ನುವುದಷ್ಟೇ ನನ್ನ ಪ್ರಶ್ನೆ.

ಸತ್ತ ದನವನ್ನು ಮುಚ್ಚಿದ ಪಾತ್ರೆಯಲ್ಲಿ ಒತ್ತಡದ ಹಬೆಯಿಂದ ಬೇಯಿಸಿದರೆ ಕೊಬ್ಬು ಬೇರೆಯಾಗುತ್ತದೆ. ಅದಕ್ಕೆ ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಸೇರಿಸಿದರೆ ಬಯೋಡೀಸೆಲ್, ಜೊತೆಗೆ ಗ್ಲಿಸರಿನ್. ಹಳಸಿದ ಕೊಬ್ಬನ್ನು ಮೊದಲು ಆಮ್ಲ ಹಾಕಿ ಹದ ಮಾಡಬೇಕು. ಹಾಸನದ ಹತ್ತಿರ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ಹೊಂಗೆ ಎಣ್ಣೆಯಿಂದ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಕೊಬ್ಬಿನ ಡೀಸೆಲ್ ಚಳಿಗೆ ತುಪ್ಪದ ಹಾಗೆ ಗಟ್ಟಿಯಾಗುತ್ತದೆ. ಹಾಗಾಗಿ ಮಾಮೂಲಿ ಡೀಸೆಲ್ ಜೊತೆ ಬೆರೆಸಬೇಕು.

ದನದ ಮೈಯಲ್ಲಿರುವುದು ಹುಲ್ಲು ಗಾಳಿಯಿಂದ ಎಳೆದುಕೊಂಡ ಇಂಗಾಲ. ಉರಿಸಿದರೆ ಅದೇ ಗಾಳಿಗೆ ಮರಳುತ್ತದೆ, ನೆಲದಡಿಯ ಎಣ್ಣೆಯ ಹಾಗೆ ಹೊಸದಾಗಿ ಸೇರುವುದಿಲ್ಲ. ಇಂಧನದ ಬೆಳೆ ಬೆಳೆಯಲು ಯಾರೂ ರಾಗಿ ಹೊಲ ಬಿಟ್ಟುಕೊಡಬೇಕಿಲ್ಲ. ಕೆರೆ ನೀರೂ ಉಳಿಯುತ್ತದೆ.

ಬದುಕಿರುವ ಬೇಡದ ದನಗಳ ಮಾತೂ ಇದೆ. ಟ್ರ್ಯಾಕ್ಟರ್ ಬಂದ ಮೇಲೆ ಸೀಮೆ ಹಸುವಿನ ಗಂಡುಗರು ಯಾರಿಗೂ ಬೇಡ. ಗೋಹತ್ಯೆ ನಿಷೇಧದ ಹೊಸ ಕಾಯ್ದೆ 2021ರಲ್ಲಿ ಜಾರಿಯಾದ ಮೇಲೆ ಮುದಿ ಹಸುವನ್ನು ಕೊಳ್ಳುವವರೂ ಸಿಗುವುದಿಲ್ಲ. ಅವು ಗೋಶಾಲೆ ಸೇರಿದರೂ ಮೇವಿನ ಖರ್ಚು ನಿಲ್ಲುವುದಿಲ್ಲ ಅಲ್ವಾ? ಆ ಖರ್ಚಿಗೆ ಅವುಗಳ ಸಗಣಿಯೇ ಸ್ವಲ್ಪ ನೆರವಾಗಬಹುದು. ಒಂದು ದೊಡ್ಡ ದನ ದಿನಕ್ಕೆ ಸುಮಾರು 10 ಕೆ.ಜಿ. ಸಗಣಿ ಹಾಕುತ್ತದೆ. 25 ಕೆ.ಜಿ. ಸಗಣಿಗೆ ಸುಮಾರು ಒಂದು ಘನ ಮೀಟರ್ ಗೋಬರ್ ಗ್ಯಾಸ್. ಹತ್ತು ದನ ಇದ್ದರೆ ಎಂಟೊಂಬತ್ತು ದಿನಕ್ಕೆ ಅಡುಗೆ ಮನೆಯ ಒಂದು ಸಿಲಿಂಡರಿನಷ್ಟು ಗ್ಯಾಸ್ ಬರುತ್ತದೆ. ಮಿಕ್ಕ ಸ್ಲರಿ ತೆಂಗಿನ ಬುಡಕ್ಕೆ.

ಒಂದು ಎಚ್ಚರಿಕೆ ಬೇಕೇ ಬೇಕು. ನೆರಡಿ ರೋಗದಿಂದ (ಆಂಥ್ರಾಕ್ಸ್, ಮನುಷ್ಯರಿಗೂ ಹರಡುವ ರೋಗ) ಸತ್ತ ದನವನ್ನು ಕೊಯ್ಯಲೇಬಾರದು. ಪಶುವೈದ್ಯರು ನೋಡಿ ಚೀಟಿ ಕೊಟ್ಟ ಮೇಲೆಯೇ ಗಾಡಿಗೆ ಎತ್ತಬೇಕು.

ಪಶುಪಾಲನಾ ಇಲಾಖೆ, ಹಾಲು ಒಕ್ಕೂಟ ಮತ್ತು ಮಡೆನೂರಿನವರು ಒಟ್ಟಿಗೆ ಕೂತು ಜಿಲ್ಲೆಗೆ ಒಂದು ಘಟಕ, ತಾಲ್ಲೂಕಿಗೆ ಒಂದು ಗಾಡಿ ಮಾಡಲಿ. ನಮ್ಮ ತಾಲ್ಲೂಕಿನಿಂದ ಶುರು ಮಾಡಿದರೆ, ಡೇರಿಗೆ ಹಾಲು ಹಾಕುವ ನಮ್ಮೂರಿನ ಪ್ರತಿ ಮನೆಗೂ ಹೋಗಿ ಹೇಳಿ ಬರಲು ನಾನು ತಯಾರಿದ್ದೇನೆ.

— ಒಬ್ಬ ಹಾಲು ಉತ್ಪಾದಕ, ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ